ಕನ್ನಡಕ ಬಂತು, ಕನ್ನಡ ಎಲ್ಲಿ?

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಆಫೀಸು, ಲೋಕಲ್ ಟ್ರೇನು, ಮನೆ... ಡೊಂಬಿವಲಿಯ ಬದುಕು ನಿಮಗೆ ಗೊತ್ತೇ ಇದೆ. ಇವತ್ತು ಸ್ವಲ್ಪ ಸಿಟ್ಟಲ್ಲೇ ಬರೀತಾ ಇದ್ದೀನಿ. ಮಾತು ಖಾರವಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ತಿಂಗಳು ಮಗಳನ್ನು ಕರಕೊಂಡು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಹೋಗಿದ್ದೆ. 1922ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಅದು. ನಮ್ಮಂಥ ಹಳಬರ ಬಾಯಲ್ಲಿ ಇನ್ನೂ ಪ್ರಿನ್ಸ್ ಆಫ್ ವೇಲ್ಸ್. ಅಲ್ಲಿ ಐಹೊಳೆಯ ಗುಡಿಯೊಂದರ ಚಾವಣಿಯಿಂದ ಬಂದ ಬ್ರಹ್ಮನ ಫಲಕ ಇದೆ, ಬಾದಾಮಿ ಚಾಲುಕ್ಯರ ಕಾಲದ್ದು.

"ಅಪ್ಪಾ, ಐಹೊಳೆ ನಿಮ್ಮ ಊರ ಹತ್ರ ಅಲ್ಲ? ಇದು ಇಲ್ಲಿಗ್ಯಾಕ ಬಂತು?"

"ಆವಾಗ ವಿಜಾಪುರ ಜಿಲ್ಲಾ ಮುಂಬಯಿ ಪ್ರಾಂತದಾಗ ಇತ್ತವ್ವಾ. ಮೈಸೂರು ರಾಜ್ಯಕ್ಕ ಸೇರಿದ್ದು 1956ಕ್ಕ. ನಾವು ಬಂದಂಗ ಕಲ್ಲೂ ಮುಂಬಯಿಗೆ ಬಂತು."

"ನೀವು ಸೂಟಿಗೆ ಊರಿಗೆ ಹೋಗ್ತೀರಿ. ಅದು ಒಮ್ಮೆನೂ ಹೋಗಿಲ್ಲ?"

ನಾನು ಸುಮ್ಮನಾದೆ. ಆದರೆ ಪ್ರಶ್ನೆ ತಲೇಲಿ ಕೂತುಬಿಟ್ಟಿತು.

ನಮ್ಮ ಸಂಘದ ಗೆಳೆಯರೊಬ್ಬರು "ಕಲ್ಲನ್ನೇ ವಾಪಸ್ ಕೊಡಲಿ" ಅಂತಾರೆ. ಕೊಟ್ಟರೆ ನನಗೂ ಸಂತೋಷವೇ. ಆದರೆ ಆ ವಾದ ಮುಗಿಯುವ ತನಕ ಐಹೊಳೆಯ ಶಾಲೆ ಮಕ್ಕಳು ಕಾಯಬೇಕೆ? ಒಂದು ಕಲ್ಲಿನ ಸುತ್ತಲೂ ನೂರಾರು ಫೋಟೋ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ಒಂದೇ ಬಿಂದು ಬೇರೆ ಬೇರೆ ಫೋಟೋಗಳಲ್ಲಿ ಎಲ್ಲೆಲ್ಲಿ ಕಾಣುತ್ತದೆ ಅಂತ ಲೆಕ್ಕ ಹಾಕಿ, ಅದು ಕಲ್ಲಿನ ಉಬ್ಬುತಗ್ಗನ್ನೆಲ್ಲ ಮೂರು ಆಯಾಮದಲ್ಲಿ ಕಟ್ಟಿಕೊಡುತ್ತದೆ. ಬ್ರಹ್ಮ ಮುಂಬಯಿಯಲ್ಲೇ ಇರಲಿ, ಆ ಫೈಲು ಊರಿಗೆ ಹೋಗಬಹುದಲ್ಲ! ಯಾವ ಗುಡಿಯ ಯಾವ ಅಂಕಣದ ಮೇಲೆ ಆತ ಕೂತಿದ್ದ ಅಂತ ಅಲ್ಲೇ ನಿಂತು ಮೊಬೈಲಲ್ಲಿ ನೋಡಬಹುದಲ್ಲ!

ಆದರೆ ನಮ್ಮಲ್ಲಿ 'ಡಿಜಿಟಲ್ ಮ್ಯೂಸಿಯಂ' ಅಂದರೆ ಏನು ಹೇಳಿ? ಬಣ್ಣದ ಲೈಟು, ಗುಡುಗಿನ ಸದ್ದು, ಕಣ್ಣಿಗೆ ಕಟ್ಟುವ ದೊಡ್ಡ ಕನ್ನಡಕ. ಹೋದ ವರ್ಷ ಊರಿಗೆ ಹೋದಾಗ ಒಂದು ಮ್ಯೂಸಿಯಂಗೆ ಹೋಗಿದ್ದೆ, ಹೆಸರು ಬೇಡ. ಕನ್ನಡಕ ಹಾಕಿಕೊಂಡರೆ ರಾಜ ಆನೆ ಮೇಲೆ ಬರ್ತಾನೆ, ಇಂಗ್ಲಿಷಲ್ಲಿ ಮಾತಾಡ್ತಾನೆ! ಪಕ್ಕದ ಟಚ್ ಸ್ಕ್ರೀನ್ ಮೇಲೆ 'ಕೆಟ್ಟಿದೆ' ಅಂತ ಚೀಟಿ. ಅದರ ಹಿಂದೆ ನಿಜವಾದ ವೀರಗಲ್ಲು ನಿಂತಿತ್ತು. ಯಾರು, ಯಾವ ಊರವನು, ಯಾಕೆ ಸತ್ತ, ಒಂದು ಸಾಲೂ ಇರಲಿಲ್ಲ. ಕನ್ನಡಕ ಬಂತು ಸ್ವಾಮಿ, ಕನ್ನಡ ಎಲ್ಲಿ?

ತಂತ್ರಜ್ಞಾನ ಬೇಡ ಅಂತ ನಾನು ಹೇಳ್ತಾ ಇಲ್ಲ. ತಮಾಷೆಗೆ ಮೊದಲು ದಾಖಲೆ ಆಗಲಿ ಅಂತಿದ್ದೀನಿ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಊರೂರಿನ ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡಿದ್ದಾರೆ. ಬಿ.ಎಲ್. ರೈಸ್ ಅವರು 1905ರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟದಲ್ಲಿ ಅಚ್ಚು ಹಾಕಿಸಿದ್ದ ಕಲ್ಲುಗಳಲ್ಲಿ ಎಷ್ಟೋ ಈಗ ಸಿಗುವುದಿಲ್ಲ. ಕಲ್ಲು ಹೋದರೂ ರೈಸ್ ಬರೆದಿಟ್ಟಿದ್ದರಿಂದ ಓದು ಉಳಿಯಿತು. ಆಗ ಒದ್ದೆ ಕಾಗದ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೀತಿದ್ದರು. ಈಗ ಸ್ಕ್ಯಾನರ್ ಬಂದಿದೆ, ಅಷ್ಟೇ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು 2019ರಲ್ಲಿ ಸುಟ್ಟಾಗ, ಅದಕ್ಕೂ ಮುಂಚೆ ಮಾಡಿದ್ದ ಲೇಸರ್ ಅಳತೆಗಳು ಮತ್ತೆ ಕಟ್ಟುವವರ ಕೈಗೆ ಬಂದವು. ಸುಟ್ಟ ಮೇಲೆ ಅಳೆಯೋಕಾಗುತ್ತಾ?

"ಹಳೆಗನ್ನಡ ಓದೋಕೆ ಎಐ ಬರ್ತದೆ ಬಿಡಿ" ಅನ್ನುವವರೂ ಇದ್ದಾರೆ. ಬರಲಿ ಮಹರಾಯರೇ. ಆದರೆ ಅದು ಓದಬೇಕಾದರೆ ಕಲ್ಲಿನದೊಂದು ಚಿತ್ರವಾದರೂ ಬೇಡವೇ?

ಈ ಸಿಟ್ಟಿನಲ್ಲಿ ನನ್ನ ಮೇಲಿನ ಸಿಟ್ಟೂ ಇದೆ. ನಮ್ಮೂರ ಹನುಮಪ್ಪನ ಗುಡಿ ಮುಂದೆ ಒಂದು ಕಲ್ಲಿತ್ತು. ನಾಲ್ಕು ಸಾಲು ಅಕ್ಷರ. ಅದರ ಮೇಲೆ ಕೂತು ನಾವು ಪೇರಲಹಣ್ಣು ತಿಂದಿದ್ದೇವೆ. ಕೆಲವು ವರ್ಷಗಳ ಹಿಂದೆ ಗುಡಿ ಜೀರ್ಣೋದ್ಧಾರ ಆಯ್ತು. ಪಟ್ಟಿ ಕೇಳಲು ಬಂದರು, ನಾನೂ ಮುಂಬಯಿಯಿಂದ ದುಡ್ಡು ಕಳಿಸಿದೆ. ಹೋಗಿ ನೋಡಿದರೆ ಕಲ್ಲು ಇಲ್ಲ, ಕಟ್ಟೆಯ ಸಿಮೆಂಟಿನೊಳಗೆ ಸೇರಿದೆ ಅಂದರು. ಅದಕ್ಕೂ ಮೊದಲು ಎಷ್ಟು ಸಲ ಮೊಬೈಲು ಕಿಸೆಯಲ್ಲಿಟ್ಟುಕೊಂಡೇ ಅದರ ಮುಂದೆ ನಿಂತಿದ್ದೆ! ಗುಡಿಯದು, ಜಾತ್ರೆಯದು, ಮಿರ್ಚಿ ಭಜಿಯದು, ಎಲ್ಲದರ ಫೋಟೋ ಇದೆ. ಆ ಕಲ್ಲಿನದು ಒಂದೂ ಇಲ್ಲ. ಆ ನಾಲ್ಕು ಸಾಲಲ್ಲಿ ಏನಿತ್ತೋ, ಇನ್ನು ಯಾರಿಗೂ ತಿಳಿಯೋದಿಲ್ಲ. ಸಿಮೆಂಟಿಗೆ ನನ್ನ ದುಡ್ಡೂ ಸೇರಿದೆ.

ಅದಕ್ಕೇ ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಎಲ್ಲೇ ಇರಿ, ನಿಮ್ಮಲ್ಲಿ ಒಂದು ಮಾತು. ಈ ಸಲ ಊರಿಗೆ ಹೋದಾಗ ಬೆಳಿಗ್ಗೆ ಇಲ್ಲವೇ ಸಂಜೆ, ಬಿಸಿಲು ಓರೆಯಾಗಿ ಬೀಳುವ ಹೊತ್ತಲ್ಲಿ ಆ ಕಲ್ಲಿನ ಮುಂದೆ ನಿಲ್ಲಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಎಣ್ಣೆ, ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ. ಒಂದರ ಅಂಚು ಇನ್ನೊಂದರಲ್ಲಿ ಬರುವ ಹಾಗೆ ಸುತ್ತಲೂ ಐವತ್ತು ಅರವತ್ತು ಫೋಟೋ ತೆಗೆಯಿರಿ. ಒಂದರಲ್ಲಿ ಅಳತೆಪಟ್ಟಿ ಇಡಿ. ಊರು, ತಾಲೂಕು, ಜಾಗ ಕನ್ನಡದಲ್ಲಿ ಬರೆದು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿ. ಗುಡಿಗೆ ಪಟ್ಟಿ ಕೇಳಲು ಬಂದವರಿಗೆ "ಕಲ್ಲು ಎಲ್ಲಿಡ್ತೀರಿ?" ಅಂತ ಕೇಳಿಯೇ ದುಡ್ಡು ಕೊಡಿ.

ಸರ್ಕಾರದವರಿಗೆ, ಮ್ಯೂಸಿಯಂನವರಿಗೆ ನನ್ನ ಬೇಡಿಕೆ ಇಷ್ಟೇ. ಮೊದಲು ಇರುವ ಕಲ್ಲುಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕನ್ನಡದಲ್ಲಿ ವಿವರ ಬರೆದು ಎಲ್ಲರಿಗೂ ಬಿಟ್ಟುಕೊಡಿ. ರಾಜನನ್ನು ಆನೆ ಮೇಲೆ ಆಮೇಲೆ ಕೂರಿಸೋಣ.

ನೀವೇನಂತೀರಿ? ನಿಮ್ಮೂರ ಕಲ್ಲು ಇನ್ನೂ ಇದೆಯಾ?