ಮುಗಿಲು ಕೆರೆಯುವವರು, ಮುಗಿಲಿಗೆ ಮುತ್ತಿಡುವವರು

ಮಕ್ಕಳೇ, ಹೋದ ಭಾನುವಾರ ನನ್ನ ಮೊಮ್ಮಗಳು ಪಾಟಿಚೀಲ ಹಿಡಿದು ಬಂದು ಪಕ್ಕದಲ್ಲಿ ಕುಳಿತಳು. ಎತ್ತರದ ಕಟ್ಟಡಕ್ಕೆ ಸಂಬಂಧಿಸಿದ ಮಾತುಗಳು ಬೇರೆ ಭಾಷೆಯಲ್ಲಿ ಹೇಗಿವೆ ಎಂದು ಬರೆದುಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರಂತೆ. ಅವಳ ಪಾಲಿಗೆ ಬಂದದ್ದು ಪೋರ್ಚುಗೀಸ್.

“ಅಜ್ಜಾ, ಸ್ಕೈಸ್ಕ್ರೇಪರ್‌ಗೆ ಅವರು ಅರ್ರಾನ್ಯ-ಸೆವು ಅಂತಾರಂತ. ಹಂಗಂದ್ರ ಮುಗಿಲು ಕೆರಿಯೂದು! ಮುಗಿಲಿಗೇನು ತುರಿಕಿ ಬಂದೈತೇನು?” ಎಂದು ನಕ್ಕಳು.

“ಇಂಗ್ಲಿಷಿನವರೂ ಕೆರೀತಾರವ್ವಾ. ನಾವು ಮಾತ್ರ ಗಗನಚುಂಬಿ ಅಂತೀವಿ, ಮುಗಿಲಿಗೆ ಮುತ್ತು ಕೊಡೂದು” ಎಂದೆ.

ನಿಜ ನೋಡಿ. ಸಂಸ್ಕೃತದಲ್ಲಿ ಇದಕ್ಕಿಂತ ತಮಾಷೆಯ ಹಳೆಯ ಮಾತುಗಳಿವೆ. ‘ಅಭ್ರಂಕಷ’ ಎಂದರೆ ಮೋಡವನ್ನು ಉಜ್ಜುವುದು. ‘ಅಭ್ರಂಲಿಹ’ ಎಂದರೆ ಮೋಡವನ್ನು ನೆಕ್ಕುವುದು! ಎತ್ತರವಾದದ್ದನ್ನು ಕಂಡಾಗ ಮನುಷ್ಯನಿಗೆ ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಒಂದೇ ಬಗೆಯ ಬೆರಗು.

ಜಗತ್ತಿನ ಮೊದಲ ಗಗನಚುಂಬಿ ಎಂದು ಹೆಸರಾದ ಕಟ್ಟಡ 1885ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಎದ್ದಿತು. 10 ಮಹಡಿ, ಎತ್ತರ ಸುಮಾರು 42 ಮೀಟರ್. ನಮ್ಮ ನೆರೆಯ ವಿಜಯಪುರದ ಗೋಳಗುಮ್ಮಟ 17ನೆಯ ಶತಮಾನದ್ದು, ಎತ್ತರ ಸುಮಾರು 51 ಮೀಟರ್. ಹಾಗಾದರೆ ಷಿಕಾಗೋದ್ದಕ್ಕೆ ಅಷ್ಟು ಹೆಸರೇಕೆ? ದಪ್ಪ ಗೋಡೆಯ ಬದಲು ಲೋಹದ ಚೌಕಟ್ಟು ಭಾರ ಹೊತ್ತಿತು. ಮಹಡಿಯ ಮೇಲೆ ಮಹಡಿ ಏರಿಸುವ ದಾರಿ ತೆರೆಯಿತು.

ಪಟ್ಟಿ ಮುಂದುವರಿಯಿತು. ಮಹಡಿಗೆ ಪೋರ್ಚುಗೀಸಿನಲ್ಲಿ ‘ಅಂದಾರ್’. ‘ನಡೆಯುವುದು’ ಎಂಬುದಕ್ಕೂ ಅದೇ ಮಾತು. ನೆಲಮಹಡಿಗೆ ‘ರೆಜ್ ದು ಶಾಂವ್’, ಅಂದರೆ ನೆಲಕ್ಕೆ ಸಮ. ಅದರ ಮೇಲಿನದೇ ಅವರಿಗೂ ನಮಗೂ ಮೊದಲನೆಯ ಮಹಡಿ. ಅಮೆರಿಕದವರು ಮಾತ್ರ ನೆಲದಿಂದಲೇ ಒಂದು ಎಂದು ಎಣಿಸುತ್ತಾರೆ. ಅಲ್ಲಿ ಲಿಫ್ಟ್ ಹತ್ತುವಾಗ ಜೋಕೆ!

“ಈ ಭಾಷಾ ನಮಗೆ ಒಟ್ಟ ಗೊತ್ತಿಲ್ಲ ಬಿಡಜ್ಜಾ” ಎಂದಳು.

“ಗೊತ್ತಿಲ್ಲ ಅಂತೀಯಾ? ಮನಿ ಕಟ್ಟಸಾಕ ಯಾರನ್ನ ಕರೀತೀವಿ? ಮೇಸ್ತ್ರಿನ್ನ. ದುಡದವರಿಗೆ ಏನ ಕೊಡ್ತೀವಿ? ಪಗಾರ. ಮನಿ ಮುಗದ ಮ್ಯಾಲ ಕೈಯಾಗ ಏನ ಇಡ್ತಾರ? ಚಾವಿ. ಮೂರೂ ಪೋರ್ಚುಗೀಸಿನಿಂದ ಬಂದಾವು!”

ಅವರ ಮೆಸ್ತ್ರೆ ನಮ್ಮ ಮೇಸ್ತ್ರಿ, ಅವರ ಪಗಾರ್ ನಮ್ಮ ಪಗಾರ, ಅವರ ಶಾವ್ ನಮ್ಮ ಚಾವಿ. ಅಲಮಾರಿ, ಲಿಲಾವು, ಬಟಾಟಿ ಕೂಡ ಅದೇ ದಾರಿಯವು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದುಕೊಂಡದ್ದು ವಿಜಯಪುರದ ಆದಿಲಶಾಹಿಗಳಿಂದ. ನಮ್ಮ ಬಾಗಲಕೋಟೆ, ಬಾದಾಮಿಯ ಸೀಮೆಯೂ ಮುಂದೆ ಆದಿಲಶಾಹಿಗಳ ಕೈಯಲ್ಲಿತ್ತು. ಕೊಂಕಣಿ, ಮರಾಠಿಗಳ ಬಾಯಿಂದ ಬಾಯಿಗೆ ದಾಟಿ ಆ ಮಾತುಗಳು ಘಟ್ಟ ಹತ್ತಿ ಬಂದವು.

ಇಷ್ಟಾದ ಮೇಲೆ ಅವಳು ಒಂದು ಮಾತಿಗೆ ತಡೆದಳು. ಪೋರ್ಚುಗೀಸಿನಲ್ಲಿ ಛಾವಣಿಗೆ ‘ತೆಲ್ಯಾದು’. ಅದರ ಬೇರು ‘ತೆಲ್ಯ’, ಅಂದರೆ ಹೆಂಚು. ಆದರೆ ನಮ್ಮ ಹುನಗುಂದ, ಇಳಕಲ್ಲಿನ ಹಳೆಯ ಮನೆಗಳ ಮೇಲೆ ಹೆಂಚೆಲ್ಲಿ? ಅಲ್ಲಿರುವುದು ಮಣ್ಣು ಬಡಿದ ಸಪಾಟು ಮಾಳಿಗೆ. ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದೆವು, ಬೇಸಿಗೆಯ ರಾತ್ರಿ ಚುಕ್ಕಿ ಎಣಿಸುತ್ತ ಮಲಗುತ್ತಿದ್ದೆವು. ಭಾಷಾಂತರವೆಂದರೆ ಬರೀ ಪದಕ್ಕೆ ಪದ ಇಡುವುದಲ್ಲ, ಮನೆಯನ್ನೂ ನೋಡಬೇಕು. ‘ಟೆರೇಸ್’ ಎಂದರೆ ಸರಿಹೋದೀತು. ಅದರ ಬೇರಿನಲ್ಲಿರುವುದು ‘ತೆರ್ರ’, ಅಂದರೆ ಮಣ್ಣೇ!

“ಇನ್ನೊಂದೈತಿ: ಕ್ಲಾರಬೊಯಾ. ಛಾವಣಿಯೊಳಗಿಂದ ಬೆಳಕು ಬರೂ ಕಿಂಡಿ. ಇದಕ್ಕ ಕನ್ನಡದಾಗ ಪದಾನ ಇಲ್ಲಲ್ಲಜ್ಜಾ?”

ನನಗೆ ಒಂದು ಗಳಿಗೆ ಮಾತೇ ಹೊರಡಲಿಲ್ಲ. ನಾನು ಹುಟ್ಟಿದ್ದು ಹಳೆ ಬಾಗಲಕೋಟೆಯ ಒಂದು ಮಾಳಿಗೆ ಮನೆಯಲ್ಲಿ. ನಡುಮನೆಯ ಮೇಲೆ ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲು ಯಾವ ಕಂಬದ ಬುಡಕ್ಕೆ ಬಂತು ಎಂದು ನೋಡಿ ಅವ್ವ ಶಾಲೆಗೆ ಹೊತ್ತಾಯಿತು ಎನ್ನುತ್ತಿದ್ದಳು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಆ ಓಣಿ ಹೋಯಿತು. ನಾವು ನವನಗರಕ್ಕೆ ಬಂದೆವು. ಇಲ್ಲಿ ಆರ್‌ಸಿಸಿ ಛಾವಣಿ, ದೊಡ್ಡ ಕಿಟಕಿ, ಗುಂಡಿ ಒತ್ತಿದರೆ ದೀಪ. ಬೆಳಕಿಂಡಿ ಬೇಕಾಗಲಿಲ್ಲ, ಹಾಗಾಗಿ ಆ ಮಾತನ್ನು ನಾನು ಅವಳೆದುರು ಒಮ್ಮೆಯೂ ಆಡಿರಲಿಲ್ಲ. ಮನೆ ಮುಳುಗಿದ್ದು ನೀರಿನಿಂದ. ಮಾತು ಮುಳುಗಿದ್ದು ನನ್ನಿಂದ.

“ಐತಿ ಮಗಳ, ಬೆಳಕಿಂಡಿ ಅಂತ” ಎಂದೆ. ಅವಳು ವಹಿಯಲ್ಲಿ ದುಂಡಗೆ ಬರೆದುಕೊಂಡಳು. ಆಮೇಲೆ ಕೇಳಿದಳು: “ಇನ್ನೇನೇನು ಇದ್ದವು ಆ ಮನ್ಯಾಗ?” ರಾತ್ರಿ ಊಟದವರೆಗೂ ನಾವಿಬ್ಬರೂ ಆ ಮನೆಯೊಳಗೇ ಓಡಾಡಿದೆವು. ತಲಬಾಗಿಲು, ಪಡಸಾಲಿ, ಅಟ್ಟ, ಹಗೇವು, ನಿಚ್ಚಣಿಕಿ... ಪೋರ್ಚುಗೀಸಿನ ಪಟ್ಟಿಗಿಂತ ನಮ್ಮದೇ ಉದ್ದವಾಯಿತು.

ಐಹೊಳೆಯ ಗುಡ್ಡದ ಮೇಲಿರುವ 634ರ ಗುಡಿಗೆ ನಮ್ಮ ಜನ ಇಟ್ಟ ಹೆಸರು ಮೇಗುಟಿ, ಮೇಲಿನ ಗುಡಿ. ಎಷ್ಟು ಸರಳ! ಕಲ್ಲಿನ ಕಟ್ಟಡ ತಾನೇ ನಿಲ್ಲುತ್ತದೆ. ಮಾತಿನ ಕಟ್ಟಡಕ್ಕೆ ಮಾತ್ರ ಯಾರಾದರೂ ದಿನವೂ ಒಳಗೆ ವಾಸ ಇರಬೇಕು.

ಈ ವಾರದ ಕೆಲಸ: ಮಕ್ಕಳೇ, ಅಜ್ಜ-ಅಜ್ಜಿ ಹುಟ್ಟಿದ ಮನೆಯ ಚಿತ್ರ ಬರೆಯಿರಿ. ಅದರ ಹತ್ತು ಭಾಗಗಳ ಹೆಸರು ಅವರಿಂದಲೇ ಕೇಳಿ ತುಂಬಿರಿ. ಹಿರಿಯರೇ, ನೀವೂ ಸುಮ್ಮನೆ ಕೂರುವಂತಿಲ್ಲ. ಮೊಮ್ಮಕ್ಕಳಿಂದ ಒಂದು ಹೊಸ ಮಾತು ಕಲಿಯಿರಿ. ನಾನಂತೂ ‘ಕ್ಲಾರಬೊಯಾ’ ಬಾಯಿಪಾಠ ಮಾಡಿದ್ದೇನೆ.