‘ಸರಿಯುತ್ತರವಿಲ್ಲ’ ಎಂಬುದು ಅನೇಕಾಂತವಲ್ಲ

ವ್ಯವಹಾರಶಾಸ್ತ್ರದ ತರಗತಿಗಳಲ್ಲಿ ವಿಮರ್ಶಾಬುದ್ಧಿಯನ್ನು ಬೆಳೆಸುವ ಸಾಧನವೆಂದು ‘ಕೇಸ್ ಸ್ಟಡಿ’ ಅಥವಾ ಪ್ರಕರಣಾಧ್ಯಯನವನ್ನು ಕೊಂಡಾಡುವವರು ಬಹಳ. ಒಂದು ಸಂಸ್ಥೆಯ ಇಕ್ಕಟ್ಟನ್ನು ಕೆಲವು ಪುಟಗಳಲ್ಲಿ ವಿವರಿಸಿ, ‘ಆ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುವಿರಿ?’ ಎಂದು ವಿದ್ಯಾರ್ಥಿಗಳನ್ನು ಕೇಳುವುದು ಇದರ ಕ್ರಮ. ಚರ್ಚೆಯ ಕೊನೆಗೆ ಅಧ್ಯಾಪಕರು ‘ಇದಕ್ಕೆ ಒಂದೇ ಸರಿಯುತ್ತರವಿಲ್ಲ’ ಎನ್ನುತ್ತಾರೆ. ಅದನ್ನು ಕೇಳಿದ ನಮ್ಮವರು ‘ಇದೇ ಅಲ್ಲವೆ ನಮ್ಮ ಅನೇಕಾಂತ!’ ಎಂದು ಹಿಗ್ಗುತ್ತಾರೆ. ಈ ಹಿಗ್ಗು ಅಸ್ಥಾನದ್ದು.

1908ರಲ್ಲಿ ಸ್ಥಾಪಿತವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಈ ಪದ್ಧತಿಯನ್ನು ಬೆಳೆಸಿತು. ಅದರ ಸಹಕಾರದಿಂದ 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ಸಂಸ್ಥೆಯ ಮೂಲಕ ಅದು ನಮ್ಮಲ್ಲಿ ಬೇರೂರಿತು. ಗಿಳಿಪಾಠಕ್ಕಿಂತ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ಅಧ್ಯಕ್ಷನ ಕುರ್ಚಿಯಲ್ಲಿಯೇ ಕೂರಿಸಲಾಗುತ್ತದೆ. ಸಾಲ ಕೊಟ್ಟವನ, ಕೂಲಿಗೆ ಬಂದವನ, ನೂರು ಷೇರು ಕೊಂಡ ನಿವೃತ್ತ ಶಿಕ್ಷಕನ ಸ್ಥಾನದಲ್ಲಿ ಕೂರಿಸುವುದು ಅಪರೂಪ. ಸಂಸ್ಥೆಯ ಒಳಹೊಕ್ಕು ಬರೆದ ಪ್ರಕರಣಗಳು ಬಹುಮಟ್ಟಿಗೆ ಆ ಸಂಸ್ಥೆಯ ಒಪ್ಪಿಗೆ ಪಡೆದೇ ಪ್ರಕಟವಾಗುತ್ತವೆ. ಒಪ್ಪಿಗೆ ದೊರೆಯದ ಸಂಗತಿ ಪುಟದಲ್ಲಿರುವುದಿಲ್ಲ. ಪುಟದಲ್ಲಿಲ್ಲದುದನ್ನು ಕೇಳುವ ಅಭ್ಯಾಸವೂ ತರಗತಿಯಲ್ಲಿ ಆಗುವುದಿಲ್ಲ.

ಇದರ ಫಲವನ್ನು ನಾವು ಕಂಡಿದ್ದೇವೆ. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಆಡಳಿತ ಮಂಡಳಿಯು, ಅಧ್ಯಕ್ಷರ ಕುಟುಂಬಕ್ಕೆ ಸೇರಿದ್ದ ಎರಡು ಮೇತಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಸರ್ವಾನುಮತದಿಂದ ಒಪ್ಪಿತು. ಆ ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರೊಬ್ಬರಿದ್ದರು. ದೇಶದ ಹೆಸರಾಂತ ಮ್ಯಾನೇಜ್‌ಮೆಂಟ್ ಶಾಲೆಯೊಂದರ ಡೀನರಿದ್ದರು. ಅವರು ವಂಚನೆಯಲ್ಲಿ ಪಾಲುಗೊಂಡರೆಂದು ನಾನು ಹೇಳುತ್ತಿಲ್ಲ. ಪ್ರಕರಣಗಳನ್ನು ಬೋಧಿಸುವ ಪಾಂಡಿತ್ಯ ಅಲ್ಲಿ ಕೈಹಿಡಿಯಲಿಲ್ಲ, ಅಷ್ಟೆ. ಹಣ ಹೂಡಿದವರು ಕೂಡಲೇ ಪ್ರತಿಭಟಿಸಿದ್ದರಿಂದ ಆ ಖರೀದಿ ನಿಂತಿತು. 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. (ಕಂಪನಿಗಿದ್ದ ಹೆಸರನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು.) ಈಗ ಸತ್ಯಂ ಕೂಡ ತರಗತಿಯ ಒಂದು ಪ್ರಕರಣ. ಮುಕ್ತಾಯ ಗೊತ್ತಿರುವ ಕಥೆಯಲ್ಲಿ ಜಾಣನಾಗಲು ಯಾವ ವಿದ್ಯಾರ್ಥಿಗೂ ಕಷ್ಟವಿಲ್ಲ.

ಇದಕ್ಕೆ ಅನೇಕಾಂತದ ಹೆಸರಿಡಬಾರದು. ‘ಸ್ಯಾತ್’ ಎಂದರೆ ‘ಇರಬಹುದೇನೋ’ ಎಂದಲ್ಲ. ‘ಈ ಅಪೇಕ್ಷೆಯಿಂದ ಹೀಗೆಯೇ’ ಎಂಬ ಖಚಿತವಾದ ಮಾತು. ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವ ಎಂಬ ನಾಲ್ಕನ್ನು ಹೇಳದೆ ‘ಇದೆ’ ಎನ್ನುವ ಅಧಿಕಾರ ಸ್ಯಾದ್ವಾದಿಗಿಲ್ಲ. ಸತ್ಯಂನ ಹಣ ಕಾಗದದ ಅಂಕಿಯಾಗಿ ಇತ್ತು, ಬ್ಯಾಂಕಿನಲ್ಲಿ ಇರಲಿಲ್ಲ. ಇವು ಎರಡು ಅಭಿಪ್ರಾಯಗಳಲ್ಲ, ಎರಡು ಖಚಿತ ಸಂಗತಿಗಳು. ಒಂದು ನಯವನ್ನು ಹಿಡಿದು ಉಳಿದವನ್ನು ಅಲ್ಲಗಳೆದರೆ ಅದು ದುರ್ನಯ. ಅಧ್ಯಕ್ಷನ ಕುರ್ಚಿಯಿಂದ ಮಾತ್ರ ನೋಡಿಸುವ ಪಾಠವನ್ನು ಬೇರೇನೆಂದು ಕರೆಯೋಣ? ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯ ಮೊದಲಲ್ಲಿಯೇ, ದೇವತೆಗಳ ಆಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವುಗಳಿಂದ ಭಗವಂತನ ಮಹತ್ತ್ವ ಸಿದ್ಧಿಸದೆನ್ನುತ್ತಾರೆ. ತೀರ್ಥಂಕರನನ್ನೇ ಪರೀಕ್ಷೆಗೊಡ್ಡಿದ ಪರಂಪರೆಯ ಮಕ್ಕಳು ಒಬ್ಬ ಅಧ್ಯಕ್ಷನ ಲೆಕ್ಕಪತ್ರವನ್ನು ಕಣ್ಣುಮುಚ್ಚಿ ನಂಬಬೇಕೆ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಪರ್ಯುಷಣದಲ್ಲಿ ಓದಿ ಕಟ್ಟಿಡುತ್ತೇವೆ. ಅಲ್ಲಿರುವ ಅತಿಚಾರಗಳು ಅಂಗಡಿಯ ಪ್ರಕರಣಗಳೇ ಆಗಿವೆ: ಸುಳ್ಳು ಬರಹ ಮಾಡುವ ಕೂಟಲೇಖಕ್ರಿಯೆ, ಒಪ್ಪಿಸಿದ ಇಡಗಂಟನ್ನು ನುಂಗುವ ನ್ಯಾಸಾಪಹಾರ, ಕಳ್ಳಮಾಲನ್ನು ಕೊಳ್ಳುವ ತದಾಹೃತಾದಾನ, ತೂಕ ಅಳತೆಗಳ ಮೋಸ, ಕಲಬೆರಕೆ.

ಆದ್ದರಿಂದ ಕಾಲೇಜು ನಡೆಸುವ ನಮ್ಮ ಟ್ರಸ್ಟುಗಳಿಗೆ ನನ್ನ ಒತ್ತಾಯವಿದು: ಪ್ರಕರಣಗಳನ್ನು ಬೋಸ್ಟನ್ನಿನಿಂದ ತರಿಸುವ ಮೊದಲು ಬಸದಿಯ ಲೆಕ್ಕದ ಪುಸ್ತಕವನ್ನು ವಿದ್ಯಾರ್ಥಿಗಳ ಮುಂದಿಡಿರಿ. ಅಭಿಷೇಕದ ಕಲಶದ ಸವಾಲಿನಲ್ಲಿ ಕೂಗಿದ ಮೊತ್ತವೆಷ್ಟು, ವಸೂಲಾದುದೆಷ್ಟು? ಬಸದಿಯ ಮಳಿಗೆಯ ಬಾಡಿಗೆ ಯಾರಿಗೆ, ಯಾವ ದರಕ್ಕೆ? ಸಂಗಮವರಿ ಕಲ್ಲಿನ ಮೇಲೆ ಹೆಸರು ಕೆತ್ತಿಸಲು ದೊಡ್ಡ ಮೊತ್ತ ಕೊಟ್ಟ ದಾನಿಯ ಸಂಪಾದನೆಯ ಮೂಲವನ್ನು ಕೇಳಿದಿರಾ? ಕೇಳದೆ ಸ್ವೀಕರಿಸಿದ್ದರೆ, ತದಾಹೃತಾದಾನವು ಟ್ರಸ್ಟಿಗೆ ಎಲ್ಲಿಯವರೆಗೆ ಅಂಟುತ್ತದೆ? ‘ಮನೆಯ ಮಾತು ಬೀದಿಗೆ ಬಂದರೆ ಮರ್ಯಾದೆ ಹೋದೀತು’ ಎಂದು ಹಿರಿಯರು ಆಕ್ಷೇಪಿಸುವರು. ದಾನದ ಹಣ ಯಾರ ಮನೆಯದೂ ಅಲ್ಲ, ಸಂಘದ್ದು. ಲೆಕ್ಕಪರಿಶೋಧಕರ ಮುಂದಿಡುವ ಪುಸ್ತಕವನ್ನು ನಮ್ಮ ಮಕ್ಕಳ ಮುಂದಿಡಲು ಅಂಜಿಕೆಯೇಕೆ ಎಂಬುದೇ ಆ ತರಗತಿಯ ಮೊದಲನೆಯ ಪ್ರಶ್ನೆಯಾಗಲಿ.