ಡಿಗ್ರಿ ಸರಿ, ಗಾಳಿಯ ಲೆಕ್ಕ ಎಲ್ಲಿ?



ಏ.ಸಿ.ಗಳನ್ನು 20ರಿಂದ 28 ಡಿಗ್ರಿಯೊಳಗೆ ಕಟ್ಟಿಹಾಕುವ ಯೋಚನೆಯನ್ನು ಕೇಂದ್ರ ಇಂಧನ ಸಚಿವರು 2025ರ ಜೂನ್‌ನಲ್ಲಿ ಪ್ರಕಟಿಸಿದ್ದೇ ತಡ, ಎಲ್ಲೆಡೆ ಡಿಗ್ರಿಯದೇ ಜಗಳ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. ಒಪ್ಪುತ್ತೇನೆ. ಮೂವತ್ತು ವರ್ಷ ಏ.ಸಿ. ರಿಪೇರಿ ಮಾಡಿದವನ ತಕರಾರು ಬೇರೆ: ಆ ಕೋಣೆಯಲ್ಲಿ ಕೂತವರು ಉಸಿರಾಡುವ ಗಾಳಿಯನ್ನು ಯಾರೂ ಅಳೆಯುತ್ತಿಲ್ಲ.

ಏ.ಸಿ. ಹಾಕಿದರೆ ಹೊಸ ಗಾಳಿ ಬರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಗೋಡೆಯ ಮೇಲಿನ ಸ್ಪ್ಲಿಟ್ ಯಂತ್ರ ಹೊರಗೆ ಎಸೆಯುವುದು ಶಾಖವನ್ನು ಮಾತ್ರ; ಕೋಣೆಯ ಗಾಳಿ ಅದೇ, ತಣ್ಣಗಾಗಿ ಮತ್ತೆ ಅಲ್ಲೇ ಸುತ್ತುತ್ತದೆ. ದೊಡ್ಡ ಕಟ್ಟಡಗಳ ಡಕ್ಟ್ ವ್ಯವಸ್ಥೆಯಲ್ಲಿ ಹೊರಗಾಳಿಗೆಂದೇ ತೆರೆದು ಮುಚ್ಚುವ ಒಂದು ಡ್ಯಾಂಪರ್ ಇರುತ್ತದೆ. ಕರೆಂಟ್ ಬಿಲ್ ಏರುತ್ತದೆಂದು ಅದನ್ನು ಬೈಂಡಿಂಗ್ ವೈರಿನಲ್ಲಿ ಬಿಗಿದು ಮುಚ್ಚಿದ್ದನ್ನು ನಾನೇ ಎಷ್ಟೋ ಕಡೆ ಬಿಚ್ಚಿದ್ದೇನೆ. ಸರ್ವಿಸ್ ಕಾರ್ಡಿನಲ್ಲಿ ತಿಂಗಳು ತಪ್ಪದ ಸಹಿ. ಫಿಲ್ಟರ್ ಎಳೆದರೆ ಕಂಬಳಿಯಷ್ಟು ದಪ್ಪ ಧೂಳು. ಫಿಲ್ಟರ್ ಕಟ್ಟಿಕೊಂಡ ಯಂತ್ರ ಹೆಚ್ಚು ಹೊತ್ತು ಓಡುತ್ತದೆ. ಡಿಗ್ರಿ ಏರಿಸಿ ಉಳಿಸಿದ್ದು ಅಲ್ಲೇ ಸೋರಿಹೋಗುತ್ತದೆ.

ಕಳೆದ ತಿಂಗಳು ಒಂದು ಸರ್ಕಾರಿ ಕಚೇರಿಯಲ್ಲಿ ಎರಡು ಗಂಟೆ ಕಾದೆ. ಮೂವತ್ತು ಕುರ್ಚಿಯ ಹಾಲಿನಲ್ಲಿ ಅರವತ್ತಕ್ಕೂ ಹೆಚ್ಚು ಜನ, ಎರಡು ಸ್ಪ್ಲಿಟ್ ಏ.ಸಿ., ಮೊಳೆ ಹೊಡೆದ ಕಿಟಕಿಗಳು. ಜೇಬಿನಲ್ಲಿದ್ದ ಪುಟ್ಟ ಮೀಟರ್ ಇಂಗಾಲದ ಡೈಆಕ್ಸೈಡ್ 2,300 ಪಿಪಿಎಂ ಎಂದು ತೋರಿಸಿತು. ಬಯಲಿನಲ್ಲಿ ಅದು ಸುಮಾರು 420. ಜನ ಕೂತ ಕೋಣೆಯಲ್ಲಿ 1,000 ದಾಟಿತೆಂದರೆ ಹೊಸ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ. ತೂಕಡಿಕೆ, ತಲೆನೋವು ಬಂದರೆ ನಾವು ಬೈಯುವುದು ಗುಮಾಸ್ತರ ನಿಧಾನವನ್ನು.

ಲಿಫ್ಟಿಗೆ ತಪಾಸಣೆ ಇದೆ, ಸ್ಕೂಟರಿಗೂ ಹೊಗೆ ತಪಾಸಣೆ ಇದೆ. ಒಳಗೆ ಹೊಸ ಗಾಳಿ ಎಷ್ಟಿರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಕಟ್ಟಡ ಬಳಕೆಗೆ ಬಂದ ಮೇಲೆ ಅದು ಹಾಗೇ ಇದೆಯೇ ಎಂದು ನೋಡುವವರು ಕಾಣುವುದಿಲ್ಲ. ಕಿಟಕಿ ತೆರೆದರೆ ರಸ್ತೆಯ ಹೊಗೆ ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ. ರಸ್ತೆಯ ಕಡೆ ಫಿಲ್ಟರ್ ಇರುವ ಫ್ಯಾನ್ ಹಾಕಿ, ಹಿಂದಿನ ಕಿಟಕಿ ತೆರೆಯಬಹುದು. ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಪಾಲು ಅಷ್ಟೇ ಸಾಕು, ಏ.ಸಿ.ಯೇ ಬೇಡ.

ನಾನಿರುವ ಬಸವನಗುಡಿ, 1898ರ ಪ್ಲೇಗಿನ ಪೆಟ್ಟು ತಿಂದ ಬೆಂಗಳೂರು ಗಾಳಿ ಬೆಳಕಿಗೆಂದು ಅಗಲ ರಸ್ತೆ ಬಿಟ್ಟು ಕಟ್ಟಿಸಿಕೊಂಡ ಬಡಾವಣೆ. ಕೋವಿಡ್ ಕಂಡ ನಾವು ಮಾತ್ರ ಕಿಟಕಿಗೆ ಮೊಳೆ ಹೊಡೆದಿದ್ದೇವೆ. ಸರ್ಕಾರ ಮೊದಲು ತನ್ನ ಕಚೇರಿ, ಆಸ್ಪತ್ರೆಗಳಿಂದಲೇ ಶುರು ಮಾಡಲಿ. ಟೋಕನ್ ನಂಬರ್ ತೋರಿಸುವ ಬೋರ್ಡಿನ ಪಕ್ಕದಲ್ಲೇ ಗಾಳಿಯ ಅಂಕಿಯೂ ಕಾಣಲಿ, ಕೆಳಗೆ ಫಿಲ್ಟರ್ ತೊಳೆದ ತಾರೀಕಿರಲಿ. ಅಂಕಿ 1,000 ದಾಟಿದಾಗ ಕಿಟಕಿ ತೆಗೆಯಿರಿ ಎಂದು ಸಾಲಿನಲ್ಲಿ ನಿಂತವರೇ ಕೇಳುತ್ತಾರೆ.

— ನಿವೃತ್ತ ಏ.ಸಿ. ಮೆಕ್ಯಾನಿಕ್, ಬಸವನಗುಡಿ, ಬೆಂಗಳೂರು